ಮನೆಮಾತೂ ಮೊದಲಕ್ಷರವೂ



ವಿದ್ಯೆಯನ್ನು ಕುರಿತು ನಡೆಯುವ ಸಭೆಗಳಲ್ಲಿ ಪ್ರೌಢಶಾಲೆಯ ಫಲಿತಾಂಶ, ಮಹಾವಿದ್ಯಾಲಯದ ಕಟ್ಟಡ, ವಿಶ್ವವಿದ್ಯಾಲಯದ ಪದವಿ ಇವುಗಳ ಮಾತೇ ಮುಖ್ಯವಾಗಿ, ಇವೆಲ್ಲಕ್ಕೂ ಆಧಾರಭೂತವಾದ ಒಂದು ಘಟನೆ, ಎಂದರೆ ನಾಲ್ಕೈದು ವರ್ಷದ ಮಗುವೊಂದು ತನ್ನ ಮನೆಯ ಜಗಲಿಯಲ್ಲೋ ಒಲೆಯ ಮುಂದೋ ಕುಳಿತು ಇದು ಇಂಥ ಅಕ್ಷರವೆಂದು ಮೊತ್ತಮೊದಲಿಗೆ ಗುರುತಿಸುವುದು, ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಈ ದತ್ತಿ ಉಪನ್ಯಾಸವನ್ನು ಸ್ಥಾಪಿಸಿದ ಮನೆತನದವರು ಈ ವರ್ಷ ಅದಕ್ಕೆ ಮನೆಯಲ್ಲಿ ನಡೆಯತಕ್ಕ ಅಕ್ಷರಾಭ್ಯಾಸವನ್ನೇ ವಿಷಯವನ್ನಾಗಿ ಗೊತ್ತುಮಾಡಿ, ಅದನ್ನು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ವಿವೇಚಿಸಬೇಕೆಂದು ಅಪೇಕ್ಷಿಸಿದುದು ನನಗೆ ಬಹಳ ಸಂತೋಷವನ್ನುಂಟುಮಾಡಿತು.

ಈ ಸೀಮೆಗೆ ಅಕ್ಷರವು ಹೊಸದಲ್ಲ. ತೆಂಕಣ ದಿಕ್ಕಿಗೆ ಬನವಾಸಿ, ಬಡಗಣ ದಿಕ್ಕಿಗೆ ಖಾನಾಪುರ ತಾಲ್ಲೂಕಿನ ಹಲಸಿ, ಕದಂಬರ ಈ ಎರಡು ರಾಜಧಾನಿಗಳ ನಡುವಣ ನೆಲದಲ್ಲಿ ನಾವು ಕುಳಿತಿದ್ದೇವೆ. ಇಂದು ನಾವು ಬರೆಯುವ ಕನ್ನಡ ಲಿಪಿಯ ಪೂರ್ವರೂಪವು ಆ ಕದಂಬರ ಕಾಲದ ಶಾಸನಗಳಲ್ಲಿಯೂ ತಾಮ್ರಪಟಗಳಲ್ಲಿಯೂ ರೂಪುಗೊಂಡಿತೆಂಬುದು ಲಿಪಿಶಾಸ್ತ್ರಜ್ಞರ ಸಿದ್ಧಾಂತ. ಆದರೆ ಲಿಪಿಯ ತವರಿನಂತಿರುವ ಇದೇ ನೆಲದಲ್ಲಿ ಮನೆಮನೆಯ ಮಾತು ಬೇರೆಬೇರೆಯಾಗಿದೆ. ಜೋಯಿಡಾದ ಕಾಡಿನ ಕುಣಬಿಗಳು ಕೊಂಕಣಿಯನ್ನಾಡುತ್ತಾರೆ. ಹಳಿಯಾಳದ ಕಡೆಯ ಅನೇಕ ಮನೆಗಳಲ್ಲಿ ಮರಾಠಿ ನಡೆಯುತ್ತದೆ. ಸಿದ್ದಿಗಳದು ಕೊಂಕಣಿಯದೇ ಒಂದು ಪ್ರಭೇದ. ಗೌಳಿವಾಡಗಳಲ್ಲಿ ಮರಾಠಿಗೆ ಹತ್ತಿರವಾದ ನುಡಿ. 1955ರಲ್ಲಿ ಕಾಗದದ ಕಾರಖಾನೆ ನೆಲೆಗೊಂಡಂದಿನಿಂದ ದಾಂಡೇಲಿಯ ಕಾರ್ಮಿಕ ವಸತಿಗಳಲ್ಲಿ ಕನ್ನಡದೊಡನೆ ಉರ್ದು ಮೊದಲಾದ ನುಡಿಗಳೂ ಬೆರೆತಿವೆ. ಮುಂಡಗೋಡದಲ್ಲಿಯಾದರೋ 1966ರಿಂದ ಟಿಬೆಟಿನ ನಿರಾಶ್ರಿತರ ನೆಲೆಯುಂಟು. ಹೀಗಿರಲಾಗಿ, ಕನ್ನಡ ಶಾಲೆಗೆ ಹೋಗತಕ್ಕ ಮಗುವಿಗೆ ಕನ್ನಡದ ಅಕ್ಷರವನ್ನು ಮನೆಯಲ್ಲಿ ಕಲಿಸುವುದೆಂತು ಎಂದು ಇಲ್ಲಿಯ ತಾಯಿಯೊಬ್ಬಳು ಕೇಳಿದರೆ, ಆ ಪ್ರಶ್ನೆಯ ಭಾರವು ಧಾರವಾಡದ ತಾಯಿಯ ಪ್ರಶ್ನೆಗಿಂತ ಹೆಚ್ಚಿನದು. "ನನಗೆ ಓದಾಕ ಬರಂಗಿಲ್ರಿ, ನಾ ಏನ ಕಲಸ್ಲಿ?" ಎಂಬ ಮಾತನ್ನು ಈ ಭಾಗದಲ್ಲಿ ಕೇಳದ ಶಿಕ್ಷಕರು ಇರಲಾರರು. ನನ್ನ ಉಪನ್ಯಾಸವೆಲ್ಲವೂ ಆ ಮಾತಿಗೆ ಉತ್ತರವೆಂದು ತಾವು ಭಾವಿಸಬಹುದು.

ಅಕ್ಷರವೆಂಬುದು ಧ್ವನಿಯ ಚಿಹ್ನೆ. ಧ್ವನಿಯು ಯಾವ ಮಗುವಿನ ಕಿವಿಯಲ್ಲಿ ಸ್ಪಷ್ಟವಾಗಿ ನೆಲೆಸಿಲ್ಲವೋ ಅದರ ಕಣ್ಣಿಗೆ ಚಿಹ್ನೆಯು ಬರಿಯ ಗೆರೆಯಾಗಿಯೇ ಉಳಿಯುತ್ತದೆ. ಆದುದರಿಂದ ಅಕ್ಷರಾಭ್ಯಾಸದ ಪೂರ್ವಾರ್ಧವು ಕಿವಿಯ ಶಿಕ್ಷಣ. ಆ ಪೂರ್ವಾರ್ಧವನ್ನು ಯಾವ ಭಾಷೆಯಲ್ಲಿ ಬೇಕಾದರೂ, ಓದುಬರಹವರಿಯದ ತಾಯಿಯೂ ಅಜ್ಜಿಯೂ, ಶಾಲೆಯ ಶಿಕ್ಷಕರಿಗಿಂತ ಮೇಲಾಗಿ ನಡೆಸಬಲ್ಲರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನು, ವಿಧಿಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದ ಜನವೆಂದು ಕನ್ನಡಿಗರನ್ನು ಕೊಂಡಾಡಿದುದು ಇಂತಹ ಕಿವಿಯ ಸಂಸ್ಕಾರವನ್ನು ಕಂಡೇ ಇರಬೇಕೆಂದು ನನಗೆ ತೋರುತ್ತದೆ.

ಕಿವಿಯ ಈ ಶಿಕ್ಷಣವು ಹೇಗೆ ನಡೆಯುತ್ತದೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ಸಿದ್ದಿಗಳ ಕೇರಿಯಲ್ಲಿ ದಮಾಮಿ ವಾದ್ಯದ ಪೆಟ್ಟಿಗೆ ಹೆಜ್ಜೆಯಿಕ್ಕುವ ಮಗುವಿಗೆ ತಾಳವೆಂದರೇನೆಂದು ಯಾರೂ ಹೇಳಿಕೊಡುವುದಿಲ್ಲ; ಫುಗಡಿ ಕುಣಿಯುವ ಹೆಂಗಸರ ನಡುವೆ ನಿಂತ ಹುಡುಗಿಯು ಹಾಡಿನ ಪದಗಳು ಎಲ್ಲಿ ಒಡೆಯುತ್ತವೆ, ಎಲ್ಲಿ ಕೂಡುತ್ತವೆಂಬುದನ್ನು ತನ್ನ ಅಂಗೈಗಳಿಂದಲೇ ಅರಿಯುತ್ತಾಳೆ. ಆ ಮಗುವನ್ನು ಮಡಿಲಲ್ಲಿ ಕೂಡಿಸಿಕೊಂಡು, "ದ, ಮಾ, ಮಿ" ಎಂದು ಮೂರು ಸಲ ಚಪ್ಪಾಳೆ ಹೊಡೆಯಿಸಿ, ಹಾಗೆಯೇ ಅದರ ಹೆಸರನ್ನೂ ಅಣ್ಣನ ಹೆಸರನ್ನೂ ಎಮ್ಮೆಯ ಹೆಸರನ್ನೂ ಚಪ್ಪಾಳೆಗೆ ಒಡೆಯಿಸಿದರೆ, ಕನ್ನಡ ಬರವಣಿಗೆಯ ಮರ್ಮವೇ ಅದರ ಕೈಗೆ ಬಂದಂತಾಯಿತು. ಏಕೆಂದರೆ ನಮ್ಮ ಲಿಪಿಯು ಚಪ್ಪಾಳೆಗೆ ಒಂದರಂತೆ ಬರೆಯುವ ಲಿಪಿ. ಇಂಗ್ಲಿಷಿನ ಮಗುವು ಒಂದೊಂದು ಉಚ್ಚಾರವನ್ನೂ ಸೀಳಿ ನಾಲ್ಕೈದು ಚಿಹ್ನೆಗಳನ್ನಾಗಿ ಮಾಡಬೇಕಾದ ಕಷ್ಟವು ನಮ್ಮ ಮಗುವಿಗೆ ಆರಂಭದಲ್ಲಿ ಇರುವುದಿಲ್ಲ. ಇದಾದ ಮೇಲೆ ಜೋಯಿಡಾದ ಅಜ್ಜಿಯು ಗೆಡ್ಡೆಗಳ ರಾಶಿಯನ್ನು ಮುಂದಿಟ್ಟುಕೊಂಡು, "ಮು ಅಂತ ಶುರುವಾಗುವುದನ್ನು ತೆಗೆದುಕೊಡು" ಎಂದು ತನ್ನ ಮಾತಿನಲ್ಲಿ ಕೇಳಿ, ಮೊಮ್ಮಗನು ಮುಡ್ಲಿಯನ್ನು ಎತ್ತಿಕೊಟ್ಟರೆ, ಅಲ್ಲಿ ಪುಸ್ತಕವೂ ಪಾಟಿಯೂ ಇಲ್ಲದೆ ಅರ್ಧ ಪಾಠವು ಮುಗಿಯಿತೆಂದು ನಾನು ನಿಸ್ಸಂಶಯವಾಗಿ ಹೇಳುತ್ತೇನೆ.

ಆದರೆ ನಾವು ಈಗ ಮಾಡುತ್ತಿರುವುದೇನು? ಮೂರು ತುಂಬುವ ಮೊದಲೇ ಮಗುವಿನ ಬೆರಳಿಗೆ ಪೆನ್ಸಿಲನ್ನು ತುರುಕಿ, ನಾಲ್ಕು ಗೆರೆಯ ವಹಿಯಲ್ಲಿ ಒಂದೇ ಅಕ್ಷರವನ್ನು ಪುಟ ತುಂಬ ಬರೆಯಿಸಿ, ಗೆರೆ ದಾಟಿದರೆ ಗದರಿಸುತ್ತೇವೆ. ಆ ವಯಸ್ಸಿನಲ್ಲಿ ಮಣಿಕಟ್ಟಿನ ಎಲುಬುಗಳೇ ಇನ್ನೂ ಪೂರ್ಣವಾಗಿ ಬಲಿತಿರುವುದಿಲ್ಲ. ಬೆರಳುಗಳು ಬಲವಾಗಿ ಹಿಡಿಯಬಲ್ಲವೇ ಹೊರತು ಸೂಕ್ಷ್ಮವಾಗಿ ತಿರುಗಿಸಲಾರವು. ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹೆಚ್ಚು ವಿವೇಕಿಗಳಾಗಿದ್ದರು. ವಿಜಯದಶಮಿಯ ದಿನ ಹರಿವಾಣದಲ್ಲಿ ಅಕ್ಕಿಯನ್ನು ಹರಡಿ, ಮಗುವಿನ ತೋರುಬೆರಳನ್ನು ಹಿಡಿದು ಹಿರಿಯರು ತಿದ್ದಿಸುತ್ತಿದ್ದರು; ಗಾಂವಠಿ ಶಾಲೆಯ ಅಯ್ಯನವರು ಮರಳಿನ ಮೇಲೆ ತಿದ್ದಿಸುತ್ತಿದ್ದರು. ಅಕ್ಕಿಯಲ್ಲಿಯೂ ಮರಳಿನಲ್ಲಿಯೂ ಬೆರಳು ಚಲಿಸುವಾಗ ಅಕ್ಷರದ ತಿರುವು ಭುಜದವರೆಗೆ ತಿಳಿಯುತ್ತದೆ. ತಪ್ಪಿದರೆ ಕೈಯಾಡಿಸಿದೊಡನೆ ಅಳಿಸಿಹೋಗುವುದರಿಂದ ತಪ್ಪಿನ ಭೀತಿಯೂ ಇರುವುದಿಲ್ಲ. 1907ರಲ್ಲಿ ರೋಮ್ ನಗರದ ಬಡವರ ಬೀದಿಯಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸ್ಸರಿಯವರು ಮರಳುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಮಕ್ಕಳ ಬೆರಳುಗಳನ್ನು ಅವುಗಳ ಮೇಲೆ ಓಡಾಡಿಸಿದಾಗ, ಆ ಮಹಾತಾಯಿಯು ಕಂಡುಕೊಂಡುದು ನಮ್ಮ ಅಯ್ಯನವರ ಮರಳಿನ ತತ್ತ್ವವನ್ನೇ. ದುರ್ದೈವದಿಂದ ನಾವು ಅಕ್ಕಿಯ ಹರಿವಾಣವನ್ನು ಒಂದು ದಿನದ ಶಾಸ್ತ್ರವನ್ನಾಗಿ ಉಳಿಸಿಕೊಂಡು, ಮರುದಿನದಿಂದಲೇ ಅದನ್ನು ಮರೆತುಬಿಡುತ್ತೇವೆ. ಅದು ಆರು ತಿಂಗಳು ನಡೆಯತಕ್ಕ ಶಾಸ್ತ್ರ. ಸಾರಿಸಿದ ಅಂಗಳ, ಒಲೆಯ ಬೂದಿ, ಭಾಕರಿಯ ಹಿಟ್ಟು, ಮಳೆ ನಿಂತ ಮೇಲಿನ ಮಣ್ಣು, ಇವುಗಳಲ್ಲಿ ಯಾವುದಕ್ಕೂ ಕಾಸು ಬೇಡ. ಚುಕ್ಕಿಯಿಟ್ಟು ರಂಗೋಲಿಯೆಳೆಯುವ ತಾಯಿಯ ಪಕ್ಕದಲ್ಲಿ ಎರಡೆಳೆಯನ್ನು ಎಳೆದ ಹುಡುಗಿಗೆ, ಹಳೆಯ ಬಟ್ಟೆಯ ತುಂಡುಗಳನ್ನು ಹೊರಗಿನ ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಲಿಯುತ್ತ ಬರುವ ಸಿದ್ದಿ ಅಜ್ಜಿಗೆ ಬಣ್ಣದ ತುಂಡುಗಳನ್ನು ಆರಿಸಿಕೊಡುವ ಹುಡುಗನಿಗೆ, ಕಣ್ಣೂ ಕೈಯೂ ಕೂಡಿ ಕೆಲಸ ಮಾಡುವ ಅಭ್ಯಾಸವು ತಾನಾಗಿಯೇ ಆಗುತ್ತಿರುತ್ತದೆ. ಕೌದಿಯ ಬಳಿ ಕಳೆದ ಹೊತ್ತು ಅಕ್ಷರಕ್ಕೆ ಮೋಸವೆಂದು ಯಾವ ತಂದೆಯೂ ತಿಳಿಯಕೂಡದು.

ಇನ್ನು ಅಕ್ಷರಗಳ ಸಂಖ್ಯೆಯ ಮಾತು. ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49 ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಮಗುವು ಪುಟದಲ್ಲಿ ಕಾಣುವುದು 49ನ್ನಲ್ಲ. 34 ವ್ಯಂಜನಗಳಿಗೆ 13 ಸ್ವರಗಳ ಗುಣಿತವನ್ನು ಕೂಡಿಸಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಬೆಂಗಳೂರಿನ ವಿದುಷಿ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರಸಮೂಹವು ಪೂರ್ಣವಾಗಿ ಕೈವಶವಾಗಲು ನಾಲ್ಕನೆಯ ತರಗತಿಯವರೆಗೆ, ಕೆಲವರಿಗೆ ಅದರಾಚೆಗೂ, ಕಾಲ ಹಿಡಿಯುತ್ತದೆಂದು ತೋರಿಸಿಕೊಟ್ಟಿದ್ದಾರೆ. ಅಂದಮೇಲೆ, ಐದು ವರ್ಷದ ಮಗನಿಗೆ ಕಾಗುಣಿತ ಬರಲಿಲ್ಲವೆಂದು ಹಲುಬುವ ತಾಯಿತಂದೆಗಳು ಕೊಂಚ ಸಮಾಧಾನವನ್ನು ತಾಳಬೇಕು. ಇಂಗ್ಲಿಷಿನ 26 ಅಕ್ಷರಗಳನ್ನು ನೆರೆಮನೆಯ ಹುಡುಗ ಒಪ್ಪಿಸಿದನೆಂದು ನಮ್ಮ ಹುಡುಗನನ್ನು ಅವನೊಡನೆ ಹೋಲಿಸುವುದು ಅನ್ಯಾಯ. ನಮ್ಮದು ದೀರ್ಘವಾದ ದಾರಿ, ಆದರೆ ನೇರವಾದ ದಾರಿ. ಒಮ್ಮೆ ಬಂದ ಅಕ್ಷರವು ಮುಂದೆಂದೂ ಮೋಸಮಾಡುವುದಿಲ್ಲ.

ಮೊದಲು ಯಾವ ಅಕ್ಷರವನ್ನು ಕಲಿಸಬೇಕು? ಅಂಕಲಿಪಿಯನ್ನು ತೆರೆದು 'ಅ' ದಿಂದ ಹೊರಡುವುದು ಎಲ್ಲರ ರೂಢಿ. ವರ್ಣಮಾಲೆಯ ಕ್ರಮವು ಕಂಠದಿಂದ ತುಟಿಯವರೆಗೆ ಧ್ವನಿಗಳು ಹುಟ್ಟುವ ಸ್ಥಾನಗಳನ್ನನುಸರಿಸಿ ಪ್ರಾಚೀನ ಶಿಕ್ಷಾಶಾಸ್ತ್ರಜ್ಞರು ಕಟ್ಟಿದ ಅದ್ಭುತವಾದ ವ್ಯವಸ್ಥೆ. ಅದರ ಮೇಲೆ ನನಗೆ ಅಪಾರವಾದ ಗೌರವವುಂಟು. ಹಾಡಿನಂತೆ ಅದನ್ನು ಮಗುವಿಗೆ ಕೇಳಿಸಬೇಕು, ಬಾಯಿಪಾಠವೂ ಆಗಲಿ. ಆದರೆ ಅದು ಶಾಸ್ತ್ರಕಾರನ ಕ್ರಮ. ಮಗುವಿನ ಅವಶ್ಯಕತೆಯ ಕ್ರಮವಲ್ಲ. ಆ ಕ್ರಮದಲ್ಲಿ ಹೋದರೆ ಏಳನೆಯ ಮೆಟ್ಟಿಲಿಗೇ 'ಋ' ಬಂದು ನಿಲ್ಲುತ್ತದೆ. ಮಗುವಿನ ಬಾಯಲ್ಲಿ ಒಂದು ಪದವೂ ಇಲ್ಲದ 'ಙ' ಮತ್ತು 'ಞ' ಗಳಿಗಾಗಿ ಅದು ಬೆವರಬೇಕಾಗುತ್ತದೆ. ಇನ್ನೊಂದು ತೊಡಕೂ ಉಂಟು. ಚಿತ್ರದ ಪುಸ್ತಕದಲ್ಲಿ ಅರಸನ ಮೇಲೆ ಬೆರಳಿಟ್ಟು "ಅ" ಎನ್ನುವ ಮಗುವಿನ ಕಣ್ಣು ಎಲ್ಲಿದೆಯೆಂದು ಒಮ್ಮೆ ನೋಡಿರಿ. ಅದು ಕಿರೀಟವನ್ನು ನೋಡುತ್ತಿರುತ್ತದೆ. ಚಿತ್ರವನ್ನು ಅಂಗೈಯಿಂದ ಮುಚ್ಚಿ ಕೇಳಿದರೆ ಸುಮ್ಮನಾಗುತ್ತದೆ. ಅದು ಓದಿದುದು ಅರಸನನ್ನು, ಅಕ್ಷರವನ್ನಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ ಕಲಿ ಪದ್ಧತಿಯವರು ಈ ತೊಡಕನ್ನು ಕಂಡುಕೊಂಡು, ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು, ಬರೆಯಲು ಸುಲಭವಾಗಿ ಪದಕಟ್ಟಲು ಒದಗುವ 'ರ, ಗ, ಸ, ದ, ಅ' ಎಂಬ ಐದರಿಂದ ಹೊರಟರು. ಈ ಐದರಲ್ಲಿಯೇ ಸರ, ಅರಸ, ಅಗಸ ಎಂಬ ಪದಗಳಾಗುತ್ತವೆ, ಗರಗಸವೂ ಆಗುತ್ತದೆ. ತೇಗದ ಮರದ ಡಿಪೋಗಳಿಗೆ ಹೆಸರಾದ ದಾಂಡೇಲಿಯಲ್ಲಿ ಗರಗಸವನ್ನು ನೋಡದ, ಅದರ ಸದ್ದನ್ನು ಕೇಳದ ಮಗು ಯಾವುದು? ನಾಲ್ಕು ಅಕ್ಷರದ ಆ ಪದವನ್ನು ಮೂರೇ ಅಕ್ಷರಗಳ ಜ್ಞಾನದಿಂದ ಓದಿ ಮುಗಿಸಿದ ಮಗುವಿನ ಮುಖವನ್ನು ಕಂಡವರಿಗೆ, ಅದು ಇನ್ನು ಓದನ್ನು ಬಿಡಲಾರದೆಂಬ ನಂಬಿಕೆ ಹುಟ್ಟುತ್ತದೆ. ಮನೆಯಲ್ಲಿಯಾದರೆ ಇನ್ನೊಂದು ದಾರಿಯೂ ಉಂಟು: ಮಗುವಿನ ಹೆಸರು. ತನ್ನ ಹೆಸರಿನ ಮೊದಲಕ್ಷರದಷ್ಟು ಪ್ರಿಯವಾದ ಅಕ್ಷರವು ಮಗುವಿಗೆ ಬೇರೊಂದಿಲ್ಲ. ಬಳಿಕ ಅಪ್ಪ, ಅಮ್ಮ, ಅವ್ವ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ಈ ಬಂಧುವಾಚಕಗಳೆಲ್ಲವೂ 'ಅ' ದಿಂದಲೇ ಮೊದಲಾಗಿ, ಎರಡನೆಯ ಅಕ್ಷರಕ್ಕೆ ಒತ್ತನ್ನು ಹೊತ್ತಿರುವುದು ಎಷ್ಟು ಸೋಜಿಗ! ಒತ್ತಕ್ಷರವು ಕಠಿನವೆಂದು ಅದನ್ನು ಕೊನೆಗೆ ತಳ್ಳಿ, ಅಲ್ಲಿಯವರೆಗೆ ಮಗುವಿಗೆ ತನ್ನ ಅವ್ವನ ಹೆಸರನ್ನೇ ಓದಗೊಡದಿರುವುದು ಸರಿಯೆಂದು ನನಗೆ ತೋರುವುದಿಲ್ಲ. ಒತ್ತಿನ ವ್ಯಾಕರಣವನ್ನು ಆಮೇಲೆ ಹೇಳಿದರಾಯಿತು. ಪದದ ಇಡಿಯ ರೂಪವನ್ನು ಮೊದಲೇ ತೋರಿಸಬಹುದು.

ಹಳಿಯಾಳದ ಬಸ್ ನಿಲ್ದಾಣದಲ್ಲಿ ನಾನು ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಐದು ವರ್ಷವಿರಬಹುದಾದ ಹುಡುಗಿಯೊಬ್ಬಳು ತಂದೆಯ ಕೈಹಿಡಿದು ನಿಂತು, ಬಸ್ಸಿನ ಹಣೆಯ ಮೇಲಿನ 'ಹಳಿಯಾಳ' ಎಂಬ ಫಲಕವನ್ನು ದಿಟ್ಟಿಸುತ್ತಿದ್ದಳು. "ಅಪ್ಪಾ, ಎರಡೂ ಳ ಒಂದ ಅಲ್ಲ? ಈ ಳ ತಲಿಮ್ಯಾಲೆ ಏನೋ ಇಟ್ಕೊಂಡೈತಿ, ಆ ಳ ಇಟ್ಕೊಂಡಿಲ್ಲ" ಎಂದಳು. ಆ ತಂದೆಯ ಹೆಗಲ ಮೇಲೆ ಗೊಬ್ಬರದ ಚೀಲವಿತ್ತು. ಬಸ್ಸಿಗೆ ಅವಸರವೂ ಇತ್ತು. ಆದರೂ ಆತನು, "ನೀನ ಬಾಯಾಗ ಅಂದ ನೋಡು, ಎಲ್ಲಿ ಇ ಕೇಳತೈತಿ ಹೇಳು" ಎಂದನು. ಹುಡುಗಿಯು ಬೆರಳು ಮಡಿಸುತ್ತ "ಹ, ಳಿ, ಯಾ, ಳ" ಎಂದು ನಿಧಾನವಾಗಿ ಅಂದು, "ಎರಡನೇದ್ರಾಗ!" ಎಂದು ಕೂಗಿದಳು. ಕ ಗುಡಿಸು ಕಿ, ಕ ಕೊಂಬು ಕು ಎಂದು ತಿಂಗಳುಗಟ್ಟಲೆ ಒಪ್ಪಿಸಿದರೂ ಕೆಲವರಿಗೆ ಹೊಳೆಯದ ಗುಡಿಸಿನ ರಹಸ್ಯವು ಆ ಹುಡುಗಿಗೆ ಬಸ್ಸು ಹೊರಡುವುದರೊಳಗಾಗಿ ಹೊಳೆದಿತ್ತು. ಉತ್ತರವನ್ನು ತಾನೇ ಹೇಳಿಬಿಡದೆ ಮಗುವನ್ನು ಅದರ ಬಾಯಿಗೂ ಕಿವಿಗೂ ಹಿಂದಿರುಗಿಸಿದ ಆ ತಂದೆಯ ಬುದ್ಧಿಯನ್ನು ನಾನು ಈಗಲೂ ಮೆಚ್ಚಿಕೊಳ್ಳುತ್ತೇನೆ. ನಮ್ಮ ಊರುಗಳ ಹೆಸರುಗಳೇ ಒಂದು ಒಳ್ಳೆಯ ಪಾಠಮಾಲೆ. ದಾಂಡೇಲಿಯಲ್ಲಿ 'ಡೇ', ಜೋಯಿಡಾದಲ್ಲಿ 'ಡಾ', ಮುಂಡಗೋಡದಲ್ಲಿ ಎರಡು ಸಲ 'ಡ'. ಒಂದೇ ವ್ಯಂಜನವು ಮೂರು ವೇಷದಲ್ಲಿ ಮೂರು ಊರಿನ ಫಲಕದ ಮೇಲೆ ನಿಂತಿದೆ. ದಾಂಡೇಲಿಯ 'ಲಿ' ಗೂ ಹಳಿಯಾಳದ 'ಳಿ' ಗೂ ನಾಲಗೆ ಎಲ್ಲೆಲ್ಲಿ ತಾಗುತ್ತದೆಂದು ಮಗುವನ್ನೇ ಕೇಳಬಹುದು.

ಈಗ ಬೇರೆ ಮಾತಿನ ಮನೆಗಳ ವಿಷಯ. ಇದೇ ನನ್ನ ಮುಖ್ಯ ಪ್ರಮೇಯ. ಕನ್ನಡ ಬಾರದ ಮಗುವಿಗೆ ಮೊದಲು ಕನ್ನಡವನ್ನು ಕಲಿಸಿ, ಆಮೇಲೆ ಅಕ್ಷರವನ್ನು ಕಲಿಸಬೇಕೆಂದು ಎಷ್ಟೋ ಜನರು ಭಾವಿಸಿದ್ದಾರೆ. ಎರಡು ಹೊಸ ಭಾರಗಳನ್ನು ಒಂದರ ಮೇಲೊಂದರಂತೆ ಹೊರಿಸುವ ಈ ಕ್ರಮದಿಂದ ಮಗುವು ಮೂಕವಾಗುವುದನ್ನು ನಾವು ಒಂದನೆಯ ತರಗತಿಯಲ್ಲಿ ಕಾಣುತ್ತೇವೆ. ಕರ್ನಾಟಕದಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ಪರಂಪರೆಯು ಬಹುಕಾಲದ್ದು. ಹಾಗಾದರೆ ಜೋಯಿಡಾದ ಮಗುವು ಮೊದಲು ಓದುವ ಕನ್ನಡ ಅಕ್ಷರಗಳು ಅದರ ಮನೆಯ ಪದಗಳನ್ನೇ ಏಕೆ ಬರೆಯಬಾರದು? 'ಘರ' ಎಂದು ಬರೆದು ತೋರಿಸಿದರೆ ಅದು ತನ್ನ ಮನೆಯೆಂದು ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ. 'ದಾರ' ಬಾಗಿಲು, 'ವಾಟ' ದಾರಿ, 'ಪಾವಸ' ಮಳೆ. ಧ್ವನಿಯೂ ಅರ್ಥವೂ ಅದರದೇ. ಹೊಸದಾದುದು ಗೆರೆ ಮಾತ್ರ. ಈ ಗೆರೆಗಳಲ್ಲಿ ಮಗುವು ನಿಶ್ಚಿಂತವಾಗಿ ನಡೆದಾಡಿದ ಮೇಲೆ, ಅದೇ ಗೆರೆಗಳಿಂದ 'ಮನೆ', 'ಮಳೆ' ಎಂಬ ಹೊಸ ಪದಗಳನ್ನು ಕಲಿಯಲು ಅದಕ್ಕೆ ಆಯಾಸವೇ ಆಗುವುದಿಲ್ಲ.

ಅಷ್ಟೇ ಅಲ್ಲ, ಇಂಥ ಮನೆಗಳ ಮಕ್ಕಳಿಗೆ ಕೆಲವು ವಿಷಯಗಳಲ್ಲಿ ಅನುಕೂಲವೇ ಹೆಚ್ಚು. ಕನ್ನಡದ ಎಷ್ಟೋ ಮನೆಗಳಲ್ಲಿ ಮಹಾಪ್ರಾಣವು ಆಡುಮಾತಿನಿಂದ ಜಾರಿಹೋಗಿ 'ಭಾಷೆ'ಯು 'ಬಾಸೆ'ಯಾಗಿರುವುದರಿಂದ, 'ಬ' 'ಭ' ಗಳ ಭೇದವನ್ನು ಮಗುವು ಕಣ್ಣಿನಿಂದಲೇ ಕಲಿಯಬೇಕಾಗುತ್ತದೆ. ಘರ, ಭಾಕರಿ, ಭಾತ ಎಂದು ದಿನವೂ ಉಚ್ಚರಿಸುವ ಮರಾಠಿ ಮನೆಯ ಮಗುವಿಗೆ ಆ ಭೇದವು ಹುಟ್ಟಿನಿಂದಲೇ ಕಿವಿಯಲ್ಲಿದೆ. ಅದಕ್ಕೆ ಪ್ರತಿಯಾಗಿ ಪದಾಂತ್ಯದ ಸ್ವರವನ್ನು ನುಂಗುವುದು ಆ ಭಾಷೆಗಳ ಸ್ವಭಾವವಾದುದರಿಂದ, ಮಗುವು 'ಸರ' ಎಂಬುದನ್ನು 'ಸರ್' ಎಂದು ಓದಿದರೆ ಅದನ್ನು ದಡ್ಡತನವೆಂದು ಎಣಿಸದೆ, ಅದರ ಮನೆಮಾತಿನ ನಿಯಮವೆಂದು ತಿಳಿದು ಮೃದುವಾಗಿ ತಿದ್ದತಕ್ಕದ್ದು. ಮನೆಯ ಮಾತನ್ನು ಹಂಗಿಸಿದ ಕಡೆ ಮಗುವು ಅಕ್ಷರವನ್ನು ಪ್ರೀತಿಸಲಾರದು.

ಮುಂಡಗೋಡದ ಟಿಬೆಟಿಯನ್ನರ ವಿಷಯವಾಗಿ ಒಂದು ಮಾತು. ಏಳನೆಯ ಶತಮಾನದ ಥೋನ್ಮಿ ಸಂಭೋಟನು ಭಾರತದ ಲಿಪಿಯ ಮಾದರಿಯಲ್ಲಿ ಟಿಬೆಟಿನ ಲಿಪಿಯನ್ನು ರಚಿಸಿದನೆಂದು ಅವರ ಪರಂಪರೆಯು ಹೇಳುತ್ತದೆ. ಅದರ 30 ವ್ಯಂಜನಗಳು ಕ, ಖ, ಗ, ಙ ಎಂದೇ ಮೊದಲಾಗಿ, ನಮ್ಮ ವರ್ಗಗಳ ಕ್ರಮದಲ್ಲಿಯೇ ಸಾಗುತ್ತವೆ. ಟಿಬೆಟಿನ ವಸತಿಯ ಮಗುವೂ ಅದರಾಚೆಯ ಹಳ್ಳಿಯ ಕನ್ನಡದ ಮಗುವೂ ಬೆಳಿಗ್ಗೆ ಒಂದೇ ಹೊತ್ತಿಗೆ ತಂತಮ್ಮ ವ್ಯಂಜನಗಳ ಪಾಠವನ್ನು ಆರಂಭಿಸಿದರೆ, ಇಬ್ಬರ ಬಾಯಿಂದಲೂ ಬರುವುದು ಒಂದೇ ಕಂಠ್ಯಧ್ವನಿ. ನೆರೆಹೊರೆಯ ಶಿಕ್ಷಕರು ಇದನ್ನು ಮಕ್ಕಳಿಗೆ ಒಮ್ಮೆಯಾದರೂ ತೋರಿಸಿಕೊಡಬೇಕು.

ಕೈದೂರವಾಣಿಯಲ್ಲಿ ಅಕ್ಷರದ ಹಾಡುಗಳನ್ನು ಹಾಕಿ ಮಗುವಿನ ಮುಂದಿಡುವುದರ ಬಗ್ಗೆ ಅನೇಕರು ಕೇಳುತ್ತಾರೆ. ಹಾಡು ಕೆಟ್ಟುದಲ್ಲ, ಆದರೆ ಅದು ಮಗುವಿನ ಪ್ರಶ್ನೆಗೆ ಉತ್ತರ ಕೊಡಲಾರದು, ಬಸ್ ನಿಲ್ದಾಣದ ಆ ತಂದೆಯಂತೆ ಮರುಪ್ರಶ್ನೆಯನ್ನೂ ಕೇಳಲಾರದು. ಅದಕ್ಕಿಂತ ಅಜ್ಜನ ಕಥೆ ಮೇಲು. ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿ, ಅಲ್ಲಿಯ ಜನರು ರಾಮನಗರ ಮೊದಲಾದ ಕಡೆಗೆ ಎದ್ದುಬಂದರಷ್ಟೆ. ಆ ಊರಿನ ಪೇಟೆ ಎಲ್ಲಿತ್ತು, ದೇವಸ್ಥಾನ ಎಲ್ಲಿತ್ತು ಎಂದು ಹೇಳಬಲ್ಲ ಅಜ್ಜಂದಿರು ಇನ್ನೂ ಇದ್ದಾರೆ. ಅಂಥವರು ಮೊಮ್ಮಗಳಿಗೆ ಆ ಕಥೆಯನ್ನು ಹೇಳಿ, ಬೂದಿಯಲ್ಲಿ 'ಸೂಪಾ' ಎಂದು ಎರಡಕ್ಷರವನ್ನು ಯಾರಿಂದಲಾದರೂ ಬರೆಯಿಸಿ ತೋರಿಸಿದರೆ, ಮುಳುಗಿದ ಊರನ್ನು ಅಕ್ಷರವು ಹೇಗೆ ಕಾಪಾಡುತ್ತದೆಂಬುದು ಆ ಮಗುವಿಗೆ ತಿಳಿಯುತ್ತದೆ. ಓದಲು ಬಾರದ ತಾಯಿಯೂ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಚಿತ್ರವನ್ನು ತೋರಿಸಿ ತನ್ನ ನುಡಿಯಲ್ಲಿ ಕಥೆಯನ್ನು ಹೇಳಬಹುದು. ಪುಟವನ್ನು ಹೇಗೆ ಹಿಡಿಯಬೇಕು, ಎಡದಿಂದ ಬಲಕ್ಕೆ ಹೇಗೆ ಸಾಗಬೇಕೆಂಬ ಸಂಸ್ಕಾರವು ಅಷ್ಟರಿಂದಲೇ ಉಂಟಾಗುತ್ತದೆ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು, ಈಗ ಅರಿವು ಕೇಂದ್ರಗಳೆಂದು ಹೆಸರಾದವು, ಶಾಲೆಯ ಮಕ್ಕಳಿಗೆ ಹಣವಿಲ್ಲದೆ ಸದಸ್ಯತ್ವವನ್ನು ಕೊಡುತ್ತವೆ; ಅಣ್ಣನ ಹೆಸರಿನಲ್ಲಿ ತಂದ ಪುಸ್ತಕವನ್ನು ತಂಗಿಯೂ ನೋಡಬಹುದಲ್ಲವೆ?

ಕೊನೆಯದಾಗಿ ಈ ಸಭೆಯ ಮುಂದೆ ಒಂದು ಬಿನ್ನಹವನ್ನಿಡುತ್ತೇನೆ. ಈ ನಾಲ್ಕು ತಾಲ್ಲೂಕುಗಳ ಒಂದೊಂದು ಅಂಗನವಾಡಿಯಲ್ಲಿಯೂ ಒಂದು ವಹಿಯನ್ನಿಡಬೇಕು. ಆ ಊರಿನ ತಾಯಂದಿರನ್ನು ಕೂಡಿಸಿ, ಅವರ ಮನೆಯಲ್ಲಿ ಮಗುವು ದಿನವೂ ಆಡುವ ನಲವತ್ತು ಪದಗಳನ್ನು ಕೇಳಿ, ಕೊಂಕಣಿಯಾಗಲಿ ಮರಾಠಿಯಾಗಲಿ ಸಿದ್ದಿಗಳ ಮಾತಾಗಲಿ ಗೌಳಿಗಳದಾಗಲಿ, ಅವುಗಳನ್ನು ದಪ್ಪನೆಯ ಕನ್ನಡ ಅಕ್ಷರಗಳಲ್ಲಿ ಪುಟಕ್ಕೊಂದರಂತೆ ಬರೆದು, ಪಕ್ಕದಲ್ಲಿ ಮಕ್ಕಳಿಂದಲೇ ಚಿತ್ರವನ್ನು ಬರೆಯಿಸಬೇಕು. ಇದಕ್ಕೆ ಸರಕಾರದ ಆದೇಶವು ಬೇಕಾಗಿಲ್ಲ, ಮುದ್ರಣಾಲಯವೂ ಬೇಕಾಗಿಲ್ಲ. ಪದವಿಪೂರ್ವ ಕಾಲೇಜಿನ ಒಬ್ಬ ವಿದ್ಯಾರ್ಥಿಯೂ ಒಂದು ವಾರದ ಸಂಜೆಗಳೂ ಸಾಕು. ಸಭೆಯಲ್ಲಿರುವ ಶಿಕ್ಷಕರು ತಮ್ಮ ತಮ್ಮ ಊರಿನಲ್ಲಿ ಈ ಕೆಲಸವನ್ನು ಬರುವ ವಿಜಯದಶಮಿಯೊಳಗಾಗಿ ಆರಂಭಿಸಬೇಕೆಂದು ಪ್ರಾರ್ಥಿಸುತ್ತೇನೆ.